ರೀಲಕ್ಕನ ಒಂದು ಸಾಲಿನ ತೀರ್ಪುಗಳು

ಬೆಳಗಿನ ಆರು ಗಂಟೆ. ಹಳೆಯ ಸಿನಿಮಾಗಳ ಉಗ್ರಾಣದಲ್ಲಿ ಏಸಿಯ ಗುಂಯ್ ಸದ್ದು ಬಿಟ್ಟರೆ ಮಾತಿಲ್ಲ, ಕತೆಯಿಲ್ಲ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬರು ಹಿಡಿಕೆ ತಿರುಗಿಸುತ್ತ ಒಂದು ಗಾಲಿಯಿಂದ ಇನ್ನೊಂದಕ್ಕೆ ರೀಲು ಸುತ್ತುತ್ತಿದ್ದಾರೆ. ಬೆರಳಿಗೆ ಹರುಕು ತಾಗಿದ ಕೂಡಲೇ ನಿಲ್ಲಿಸಿ, ಭೂತಗನ್ನಡಿಯಲ್ಲಿ ಅಲ್ಲಿನ ನಾಲ್ಕಾರು ಚಿತ್ರ ನೋಡಿ, ತೇಪೆ ಹಾಕುತ್ತಾರೆ. ಇಲ್ಲಿ ಎಲ್ಲರ ಬಾಯಲ್ಲೂ ಇವರು ರೀಲಕ್ಕ.

ಮೂವತ್ತೊಂದು ವರ್ಷದ ಕೆಲಸ, ದಿನಕ್ಕೆ ಆರು ರೀಲು. ಸಿನಿಮಾಕ್ಕೊಂದು ಚೀಟಿ: ಮುಂದೆ ಹರುಕಿನ ವಿವರ, ಹಿಂದೆ ಅಕ್ಕನ ಅಭಿಪ್ರಾಯ. ಬರೆಯಿರಿ ಎಂದು ಯಾರೂ ಹೇಳಿದ್ದಲ್ಲ. "ಕಂಡಷ್ಟು ಚಿತ್ರಕ್ಕೆ ನಾನೇ ಕತೆ ಕಟ್ಕೋತೀನಿ. ಕೈ ಸುಮ್ನಿರಲ್ಲ ನೋಡಿ."

ಇವರ ಬಗ್ಗೆ ಬರೆಯಲು ಬಂದ ನಾನು ಚೀಟಿಗಳನ್ನು ಓದತೊಡಗುತ್ತೇನೆ. ಮೂಕಿ ಕಾಲದ್ದು: "ಎಲ್ಲರೂ ಮೊದಲು ಅತ್ತು ಆಮೇಲೆ ಆಟ ಆಡ್ತಾರೆ. ಚೆನ್ನಾಗಿದೆ." ಕಪ್ಪುಬಿಳುಪಿನದು: "ಯಜಮಾನ ಆಸ್ತಿ ಎಲ್ಲ ಬಿಟ್ಟು ಕೂಲಿಗೆ ಹೋಗ್ತಾನೆ. ದೊಡ್ಡ ಮನಸ್ಸು." ಬಣ್ಣದ್ದು: "ಗಂಡ ಹೆಂಡ್ತಿ ಗುರುತೇ ಇಲ್ಲದೋರ ಥರ ಬೇರೆ ಬೇರೆ ಬಸ್ಸು ಹತ್ತುತ್ತಾರೆ. ಪಾಪ." ಅಯ್ಯೋ, ಇವೆಲ್ಲ ಯಾವ ಸಿನಿಮಾ? ಮೂರನ್ನೂ ನಾನು ನೋಡಿದ್ದೇನೆ, ಒಂದೂ ಹೀಗಿಲ್ಲ!

ಅಕ್ಕನ ತಲೆ ನನಗಿಂತ ಹೆಚ್ಚು ಕೆಟ್ಟಿದೆ. ಉಗ್ರಾಣದ ಮುಖ್ಯಸ್ಥೆಯಾಗಿ ಬಂದ ಹೊಸ ಮೇಡಂ ಈ ಚೀಟಿಗಳನ್ನು ಅಕ್ಕನ ಹೆಸರಿನಲ್ಲೇ ಪುಸ್ತಕ ಮಾಡಿಸಲು ಹೊರಟಿದ್ದರು. ಅಷ್ಟರಲ್ಲಿ ಅಕ್ಕನ ಮಗಳು ತಾಯಿಯೊಬ್ಬಳ ಸಿನಿಮಾದ ಚೀಟಿ ಓದಿ ನಕ್ಕುಬಿಟ್ಟಳಂತೆ. "ಅಮ್ಮಾ, ಆ ತಾಯಿ ಹಾಸಿಗೆಯಿಂದ ಎದ್ದು ಬರಲ್ಲ, ಕೊನೇಲಿ ಸಾಯ್ತಾಳೆ. ಪೂರ್ತಿ ಉಲ್ಟಾ ಬರ್ದಿದ್ದೀಯಲ್ಲೇ!"

ಆದದ್ದಿಷ್ಟು. ಸಿನಿಮಾದ ಪೆಟ್ಟಿಗೆಯಲ್ಲಿ ಕೊನೆಯ ರೀಲಿನ ಡಬ್ಬವೇ ಮೇಲಿರುತ್ತದೆ. ಪ್ರದರ್ಶನ ಮುಗಿಸಿ ಹಾಗೇ ಇಟ್ಟ ರೀಲಿನ ಹೊರಸುತ್ತಿನಲ್ಲಿ ಇರುವುದೂ ಕೊನೆಯೇ. ಅಕ್ಕ ಮೇಲಿನಿಂದ ತೆಗೆದರು, ಹೊರಗಿನಿಂದ ಬಿಚ್ಚಿದರು; ಕತೆ ಕೊನೆಯಿಂದ ಮೊದಲಿಗೆ ಕಂಡಿತು.

"ಮೊದಲ್ನೇ ಡಬ್ಬದಲ್ಲೇ 'ಶುಭಂ' ಅಂತ ಬರ್ತಿತ್ತು. ಶುರುವಿಗೆ ಹಾರೈಸ್ತಾರೇನೋ ಅಂದ್ಕೊಂಡೆ. ನಗಬೇಡಿ."

ಟಾಕೀಸಿಗೆ ಹೋಗಿಯೇ ಇಲ್ಲವೇ ಎಂದರೆ, "ದಿನವಿಡೀ ಇದೇ ನೋಡಿ, ರಜದಲ್ಲೂ ಇದೇನಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಇಂದೇ ತಿದ್ದಿಕೊಡಬೇಕು, ಇಲ್ಲದಿದ್ದರೆ ಪುಸ್ತಕವಿಲ್ಲ ಎಂದಿದ್ದಾರೆ ಮೇಡಂ. ಅದಕ್ಕೇ ನಿನ್ನೆ ಅಕ್ಕ ಆ ತಾಯಿಯ ಸಿನಿಮಾವನ್ನು ಪರದೆಯ ಮೇಲೆ ಮೊದಲಿನಿಂದ ನೋಡಲು ಕೂತಿದ್ದರು.

"ಅವಳು ಹಾಸಿಗೆ ಹಿಡಿದಳು, ನಾನು ಎದ್ದು ಬಂದ್ಬಿಟ್ಟೆ. ಇಷ್ಟು ವರ್ಷ ಅವಳು ಬದುಕ್ತಾಳೆ ಅಂತ ಸಂತೋಷಪಟ್ಟಿದ್ದೀನಿ. ನಾ ನೋಡಿದ್ದು ಸುಳ್ಳಾ? ಒಂದೂ ತಿಳೀತಿಲ್ಲ." ಕಣ್ಣು ತುಂಬಿಕೊಂಡು ನನ್ನನ್ನೇ ಕೇಳುತ್ತಾರೆ.

ಹತ್ತು ಗಂಟೆಗೆ ಮೇಡಂ ಬರುತ್ತಾರೆ. ಅಕ್ಕ ಚೀಟಿಗಳ ಕಟ್ಟನ್ನು ಅವರ ಮೇಜಿನ ಮೇಲಿಡುತ್ತಾರೆ. ಒಂದಕ್ಷರವೂ ತಿದ್ದಿಲ್ಲ.

"ಹಾಕ್ಸಿದ್ರೆ ಹೀಗೇ ಹಾಕ್ಸಿ ಮೇಡಂ. ಮುಂದೆ 'ಕೊನೆಯಿಂದ ನೋಡಿದ್ದು' ಅಂತ ಒಂದು ಸಾಲು ಸೇರ್ಸಿ, ಸಾಕು. ಮೊದಲಿಂದ ನೋಡಿದೋರು ಊರು ತುಂಬ ಇದ್ದಾರೆ. ಕೊನೆಯಿಂದ ನೋಡಿದೋಳು ನಾನೊಬ್ಬಳೇ."