ಕರಿಬೇವು ಒಣಗಿದ ಬೇಸಿಗೆ

ನಮ್ಮ ಹಿತ್ತಲು ಎನ್ನುವುದು ದೊಡ್ಡ ಮಾತಾಯಿತು, ಅದು ಸಿಮೆಂಟು ಬಳಿದ ಎಂಟಡಿ ಜಾಗ. ಮಧುಗಿರಿಯ ಬೆಟ್ಟ ಹಗಲೆಲ್ಲ ಕಾದು ಸಂಜೆಯವರೆಗೂ ಅಲ್ಲಿಗೆ ಬಿಸಿ ಊದುತ್ತಿರುತ್ತದೆ. ಅಂಥ ಜಾಗದಲ್ಲಿ ಪೇಂಟ್ ಡಬ್ಬಗಳನ್ನಿಟ್ಟು ಶುಂಠಿ, ಅರಿಶಿನ, ದೊಡ್ಡಪತ್ರೆ, ಕೊತ್ತಂಬರಿ ಬೆಳೆಯುತ್ತೇನೆಂದು ಹೊರಟವಳು ನಾನು. ಎಲ್ಲಕ್ಕಿಂತ ಹೆಮ್ಮೆ ಕರಿಬೇವಿನದು. ಹೊಳವನಹಳ್ಳಿಯ ತವರಿನಿಂದ ಗೇಣುದ್ದದ ಸಸಿ ತಂದು, ಅರ್ಧಕ್ಕೆ ಕುಯ್ಯಿಸಿದ ಡ್ರಮ್ಮಿನಲ್ಲಿ ನೆಟ್ಟು, ಮೂರು ವರ್ಷದಲ್ಲಿ ನನ್ನ ಭುಜದೆತ್ತರಕ್ಕೆ ತಂದಿದ್ದೆ. ಆಫೀಸಿನವರಿಗೆಲ್ಲ ಸೊಪ್ಪು ಹಂಚಿ ಬೀಗುತ್ತಿದ್ದೆ.

ನಮ್ಮ ಅತ್ತೆ ನಿಡುಗಲ್ ಕಡೆಯವರು. ಕರಿಬೇವಿನ ವಿಷಯದಲ್ಲಿ ಅವರದು ಎರಡೇ ಕಟ್ಟಳೆ. ಹುಳಿ ಮಜ್ಜಿಗೆ ಹಾಕುತ್ತಿರಬೇಕು. ಹೊರಗಾದ ಹೆಂಗಸರು ಗಿಡದ ಹತ್ತಿರ ಸುಳಿಯಬಾರದು. ಮೊದಲನೆಯದನ್ನು ಒಪ್ಪಿಕೊಂಡಿದ್ದೆ. ಎರಡನೆಯದಕ್ಕೆ ನಕ್ಕು, ಆ ದಿನಗಳಲ್ಲೇ ಬೇಕೆಂದು ಸೊಪ್ಪು ಕಿತ್ತು ಒಗ್ಗರಣೆಗೆ ಹಾಕಿದ್ದೂ ಉಂಟು. ಗಿಡಕ್ಕೇನೂ ಆಗಿರಲಿಲ್ಲ. ಆಮೇಲೆ ನನಗೆ ಗರ್ಭಕೋಶದ ಆಪರೇಷನ್ ಆಯಿತು, ಅದರ ಮಾತೇ ಬರುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಎಲೆಗಳ ಅಂಚು ಕಂದಿತು. ನೀರು ಸಾಲದೆಂದು ಹೆಚ್ಚು ಹಾಕಿದೆ. ಬೇವಿನ ಹಿಂಡಿ ಹಾಕಿದೆ, ಗೋಣಿತಾಟು ಕಟ್ಟಿ ನೆರಳು ಮಾಡಿದೆ. ಹದಿನೈದು ದಿನದಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಅತ್ತೆ ಬಂದು ನೋಡಿ, ಸೆರಗಿನಿಂದ ಬಾಯೊರೆಸಿಕೊಂಡು ಹೇಳಿದರು:

"ಮೈಲಿಗೆ ತಗುಲೈತೆ ಕಣಮ್ಮ. ನಂದೂ ಮುಗೀತು, ನಿಂದೂ ಮುಗೀತು. ಇನ್ಯಾರೈತೆ ಮನೇಲಿ?"

ಮನೆಯಲ್ಲಿ ಉಳಿದವಳು ಒಂಬತ್ತನೇ ಕ್ಲಾಸಿನ ನನ್ನ ಮಗಳು. ಅವಳು ಅಲ್ಲೇ ಬಟ್ಟೆ ಒಣಹಾಕುತ್ತಿದ್ದಳು. ಅತ್ತೆಗೆ ಅಲ್ಲೇ ಒಂದು ಮಾತು ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಬಾಯಿ ಮಾಡುವುದರಲ್ಲಿ ನಾನೇನು ಹಿಂದೆ ಬಿದ್ದವಳಲ್ಲ. ಆದರೆ ಗಿಡ ಹೋದ ಸಂಕಟ, ಬಿಸಿಲು, ಆಫೀಸಿನ ಸುಸ್ತು ಎಲ್ಲ ಸೇರಿತ್ತು. ಮಗಳ ಕಡೆ ತಿರುಗಿ ಕೇಳಿಯೇಬಿಟ್ಟೆ.

"ಗಿಡ ಮುಟ್ಟಿದ್ಯೇನೇ?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದಳು. ಕೇಳಿದ ಮರುಕ್ಷಣವೇ ನಾಚಿಕೆಯಾಯಿತು, ನಿಜ. ಆದರೂ ಅವಳ ಹಿಂದೆ ಹೋಗಲಿಲ್ಲ. ಮಕ್ಕಳು ಮರೆಯುತ್ತಾರೆ ಎಂದುಕೊಂಡು ಬಟ್ಟೆಗಳನ್ನು ನಾನೇ ಒಣಹಾಕಿದೆ.

ಅದಾದ ಮೇಲೆ ಆಫೀಸಿನ ಕೆಲಸಕ್ಕೆ ಸಿರಾಕ್ಕೆ ಹೋಗಿದ್ದಾಗ, ನರ್ಸರಿ ಇಟ್ಟಿರುವ ಸಾಹೇಬರೊಬ್ಬರಿಗೆ ಗಿಡದ ಎಲೆ ತೋರಿಸಿದೆ. ಹೊಸ ಸಸಿ ಒಯ್ಯುವ ಮುಂಚೆ ಹಳೆಯದಕ್ಕೆ ಏನಾಗಿತ್ತೆಂದು ತಿಳಿಯಬೇಕಿತ್ತು, ಒಂದೆರಡು ಎಲೆ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಅವರು ಸುಟ್ಟ ಅಂಚನ್ನು ಬೆರಳಲ್ಲಿ ಪುಡಿಮಾಡುತ್ತಾ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತ್ತೇ ಎಂದು ಕೇಳಿದರು. ಕಟ್ಟಿತ್ತು, ನಾನು ಅದನ್ನು ಸುಣ್ಣ ಅಂದುಕೊಂಡಿದ್ದೆ. ಗಿಡಕ್ಕೆ ಏನೇನು ಹಾಕುತ್ತಿದ್ದೆ ಎಂದರು. ಮಜ್ಜಿಗೆ ಎಂದೆ.

"ಉಪ್ಪು ಹಾಕಿದ್ದಾ, ಸಪ್ಪೇದಾ ಅಕ್ಕಾ?"

ಉಪ್ಪು ಹಾಕಿದ್ದೇ ಎಂದೆ. ಅತ್ತೆಯ ಊರಲ್ಲಿ ಹಾಕುತ್ತಿದ್ದುದು ಕಡೆದ ಗಡಿಗೆ ತೊಳೆದ ಸಪ್ಪೆ ಮಜ್ಜಿಗೆ. ನಾನು ಹಾಕುತ್ತಿದ್ದುದು ಆಫೀಸಿಗೆ ಒಯ್ದ ಬಾಟಲಿಯಲ್ಲಿ ಉಳಿದದ್ದು. ಬೇಸಿಗೆಗೆಂದು ಕೈ ತುಂಬ ಉಪ್ಪು, ಶುಂಠಿ, ಕೊತ್ತಂಬರಿ ಹಾಕಿ ಮಾಡಿಕೊಂಡ ಮಜ್ಜಿಗೆ. ದಿನಾ ಸಂಜೆ ಬಂದವಳೇ ಚೆಲ್ಲುವುದೇಕೆಂದು ಗಿಡದ ಬುಡಕ್ಕೆ ಸುರಿಯುತ್ತಿದ್ದೆ. ಮೂರು ವರ್ಷ ಮುದ್ದು ಮಾಡಿದ ಗಿಡವನ್ನು ನನ್ನ ಕೈಯಾರೆ ಕೊಂದಿದ್ದೆ.

ಬಸ್ಸಿನಲ್ಲಿ ಬರುವಾಗ ಹೇಗೆ ಹೇಳುವುದೆಂದೇ ಯೋಚನೆ. ಮನೆಗೆ ಬಂದು ಮೊದಲು ಅತ್ತೆಗೆ ಹೇಳಿದೆ. ಅವರು, ಉಪ್ಪೂ ಇರಬಹುದು, ಅದೂ ಇರಬಹುದು ಎಂದು ಎಲೆಅಡಿಕೆ ಚೀಲ ಬಿಚ್ಚಿದರು. ಮಗಳು ಓದುತ್ತಿದ್ದಲ್ಲಿಗೆ ಹೋಗಿ, ಗಿಡ ಸಾಯಿಸಿದ್ದು ನಾನೇ ಕಣೇ, ನಿನ್ನಿಂದ ಏನೂ ಆಗಿಲ್ಲ ಎಂದೆ. ಉಪ್ಪಿನ ಕಥೆ ಪೂರ್ತಿ ಹೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತದೆ ಕೇಳಿಸಿಕೊಂಡಳು.

"ಅಜ್ಜಿ ಅಂದಿದ್ದಕ್ಕೆ ನಂಗೇನೂ ಇಲ್ಲಮ್ಮ. ಅಜ್ಜಿ ಮಾತೇ ಹಂಗೆ ಅಂತ ನೀನೇ ಹೇಳ್ತಿದ್ದೆ. ನೀನೂ ಕೇಳ್ಬುಟ್ಟೆ."

ಅವಳ ತಲೆ ಸವರಿದೆ. ಸವರಲು ಬಿಟ್ಟಳು, ಆದರೆ ಒರಗಲಿಲ್ಲ.

ಸಿರಾದಿಂದ ತಂದ ಹೊಸ ಸಸಿ ಈಗ ಚಿಗುರಿದೆ. ನೆಡುವಾಗ ಅವಳನ್ನೇ ಕರೆದೆ. ಬಂದು ಮಣ್ಣು ಒತ್ತಿ, ಕೈ ತೊಳೆದು ಹೋದಳು. ಎಲ್ಲ ಸರಿಹೋಯಿತು ಎಂದು ನಾನು ನೆಮ್ಮದಿಪಟ್ಟೆ. ಮೊನ್ನೆ ಸಾರಿಗೆ ಒಗ್ಗರಣೆ ಇಟ್ಟು, ನಾಲ್ಕು ಎಲೆ ಕಿತ್ತುಕೊಂಡು ಬಾ ಎಂದು ಕೂಗಿದೆ. ಹಿತ್ತಲ ಬಾಗಿಲವರೆಗೂ ಹೋದಳು. ಹೊಸ್ತಿಲ ಮೇಲೆ ನಿಂತು, "ನೀನೇ ಕಿತ್ಕೋಮ್ಮ" ಎಂದಳು. ಸಾಸಿವೆ ಸಿಡಿದು ಸೀಯುತ್ತಿತ್ತು. ಒಲೆ ಆರಿಸಿ ನಾನೇ ಹೋಗಿ ಕಿತ್ತೆ. ಅವಳನ್ನು ಏಕೆಂದು ಕೇಳಲು ನನಗೆ ಬಾಯಿ ಬರಲಿಲ್ಲ.