ಇಪ್ಪತ್ತಾರನೇ ಕಂಬ

ಕಡೂರಿನಲ್ಲಿ ನಾನು ದಿನಾ ಕೂರುವ ಟೀ ಅಂಗಡಿಗೆ ಹೊಸ ಬೆಂಚು ಬಂದಿದೆ. ಹೊಸದು ಅಂದರೆ ಅಂಗಡಿಗೆ ಹೊಸದು. ಮರ ಮಾತ್ರ ಹಳಿಯ ಕೆಳಗೆ ಹಾಸುವ ಹಳೆಯ ರೈಲ್ವೆ ಸ್ಲೀಪರಿನದು. ಬಿಸಿಲು ಏರಿದ ಹಾಗೆ ಅದರೊಳಗಿನ ಟಾರಿನ ವಾಸನೆ ಮೆಲ್ಲಗೆ ಮೇಲೆ ಬರುತ್ತದೆ. ಮೊನ್ನೆ ಅದರ ಮೇಲೆ ಕೂತು, ಸಕ್ಕರೆ ಕಾಯಿಲೆಯ ಡಾಕ್ಟರು ಕೊಟ್ಟ ಚಾರ್ಟು ಬಿಡಿಸಿಕೊಂಡು, ಹಿಂದಿನ ದಿನ ನಡೆಯದ ಅರ್ಧ ಗಂಟೆಯನ್ನು ನಡೆದೆ ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದಿದ್ದೆ. ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಗೇಟ್ ಮಾವ ಎದುರಿಗೆ ನಿಂತ ಹಾಗಾಯಿತು...

ಎಂಬತ್ತರ ದಶಕದ ನಡುವಿನ ಮಾತು. ಬೀರೂರಿಗೂ ಅಜ್ಜಂಪುರಕ್ಕೂ ನಡುವೆ, ನಮ್ಮೂರಿನ ಗಾಡಿದಾರಿ ರೈಲುಹಳಿಯನ್ನು ದಾಟುವಲ್ಲಿ ಒಂದು ಗೇಟು. ಅದರ ಗೇಟ್‌ಮ್ಯಾನ್ ಯಾವ ಊರಿನವರೋ, ಊರಿಗೆಲ್ಲ ಮಾವ ಆಗಿದ್ದರು. ನನ್ನನ್ನು ಅಳಿಮಯ್ಯ ಎನ್ನುತ್ತಿದ್ದರು. ಮದುವೆ ಮಾಡಿಕೊಡಲು ಅವರಿಗೆ ಹೆಣ್ಣುಮಕ್ಕಳೇ ಇರಲಿಲ್ಲವಾದ್ದರಿಂದ ನಾನು ಆ ಒಂದು ವಿಷಯಕ್ಕೆ ಮಾತ್ರ ಚಿಂತೆ ಮಾಡಿರಲಿಲ್ಲ.

ಮಿಕ್ಕ ಎಲ್ಲಕ್ಕೂ ಮಾಡುತ್ತಿದ್ದೆ. ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆ ಎರಡು ಸಲ ಹೋಗಿ, ಎರಡು ಸಲವೂ ಓಟದಲ್ಲಿ ಬಿದ್ದಿದ್ದೆ. ಮೂರನೆಯದು ಕಡೆಯ ಸಲ. ಅದಾದ ಮೇಲೆ ವಯಸ್ಸು ಮೀರುತ್ತಿತ್ತು. ಒಂದು ಮೈಲಿಯನ್ನು ಏಳು ನಿಮಿಷದೊಳಗೆ ಓಡಬೇಕು. ನನ್ನ ಹತ್ತಿರ ವಾಚು ಇರಲಿಲ್ಲ. ಮಾವನ ಗೇಟ್ ಮನೆಯ ಗೋಡೆಯಲ್ಲಿ ಗಡಿಯಾರವಿತ್ತು, ಆದರೆ ಮೈಲಿ ಆಚೆ ಏದುಸಿರು ಬಿಡುತ್ತಿರುವವನಿಗೆ ಅದು ಕಾಣುವುದು ಹೇಗೆ?

ದಾರಿ ಹುಡುಕಿದವರು ಮಾವನೇ. ಬೆಳಗಿನ ಪ್ಯಾಸೆಂಜರ್ ಬೀರೂರು ಬಿಟ್ಟ ಕೂಡಲೇ ಗೇಟ್ ಮನೆಗೆ ಫೋನು ಬರುತ್ತಿತ್ತು. ಫೋನು ಬಂದ ಐದು ನಿಮಿಷಕ್ಕೆ ಗಾಡಿ ಗೇಟು ದಾಟುತ್ತಿತ್ತು. ಅಲ್ಲಿಂದ ಒಂದು ಮೈಲಿಗೆ ಇನ್ನೆರಡು ನಿಮಿಷ. ಮಾವ ಹೆಜ್ಜೆ ಹಾಕಿ ಅಳೆದು, ಹಳಿಯ ಪಕ್ಕದ ತಂತಿ ಕಂಬಗಳಲ್ಲಿ ಇಪ್ಪತ್ತಾರನೆಯದಕ್ಕೆ ಮೈಲಿ ಮುಗಿಯುತ್ತದೆ ಎಂದರು. ಫೋನು ಬಂದಾಗ ಅವರು ಹಸಿರು ಬಾವುಟ ಬೀಸಬೇಕು, ಫೋನಿನ ಸದ್ದು ಕೇಳಿಸದಷ್ಟು ದೂರದ ಮೊದಲ ಕಂಬದ ಬಳಿ ನಿಂತ ನಾನು ಕಾಲುದಾರಿಯಲ್ಲಿ ಅಜ್ಜಂಪುರದ ಕಡೆ ಓಡಬೇಕು. ಗಾಡಿ ನನ್ನನ್ನು ಯಾವ ಕಂಬದಲ್ಲಿ ಹಿಂದೆ ಹಾಕುತ್ತದೋ ಅದೇ ಆ ದಿನದ ಅಂಕ. ಇಪ್ಪತ್ತಾರು ನನ್ನದಾದರೆ ನೌಕರಿ ನನ್ನದು.

ಮೊದಲ ದಿನ ಹತ್ತೊಂಬತ್ತರಲ್ಲೇ ಎಂಜಿನ್ನು ನನ್ನನ್ನು ದಾಟಿತು. ಡ್ರೈವರ್ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಬೆನ್ನ ಹಿಂದೆ ನೆಲ ಅದುರಲು ಶುರುವಾದರೆ ನನಗೆ ಒಂದೇ ಸಲಕ್ಕೆ ಎರಡು ಚಿಂತೆ: ಗಾಡಿ ನನ್ನನ್ನು ಹಿಂದೆ ಹಾಕಿಬಿಡುತ್ತದೆ ಅನ್ನುವುದು ಒಂದು, ಗಾಡಿ ಹಳಿ ತಪ್ಪಿ ನನ್ನ ಮೇಲೇ ಬಂದರೆ ಅನ್ನುವುದು ಇನ್ನೊಂದು.

ಓಡಿ ಬಂದ ಮೇಲೆ ದಂಡ, ಬಸ್ಕಿ. ದಂಡಕ್ಕೆ ಗೇಟ್ ಮನೆಯ ಮುಂದಿನ ಚಪ್ಪಡಿ. ಅದರ ಮೇಲೆ ಮಾವ ಒಂದು ಚಿಟಿಕೆ ಸುಣ್ಣದ ಪುಡಿ ಉದುರಿಸುತ್ತಿದ್ದರು. ಎದೆಗೆ ಸುಣ್ಣ ತಾಗದ ದಂಡ ಲೆಕ್ಕಕ್ಕಿಲ್ಲ.

"ಬನೀನು ಕರ‍್ರಗೇ ಐತಲ್ಲ ಅಳಿಮಯ್ಯ. ಇದೇನು ದಂಡವೋ, ದೊಡ್ಡೋರಿಗೆ ಅಡ್ಡಬೀಳೋದೋ? ಇನ್ನೊಂದು ಹಾಕು."

ನನ್ನ ಬನೀನು ಎಷ್ಟು ಕೊಳೆಯಾಗಿತ್ತು ಎನ್ನುವುದಕ್ಕೂ ಇದೇ ಸಾಕ್ಷಿ. ದಿನದ ಕಂಬ, ದಂಡ, ಬಸ್ಕಿ ಎಲ್ಲವನ್ನೂ ಅವರು ಇದ್ದಿಲಿನಲ್ಲಿ ಬಾಗಿಲ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಬಾಗಿಲು ಯಾವಾಗಲೂ ಗೋಡೆಗೆ ಒತ್ತಿಕೊಂಡೇ ಇರುತ್ತಿತ್ತು. ನಾನು ಇಣುಕಲು ಹೋದರೆ ಗದರುತ್ತಿದ್ದರು. ಪಾಸಾದ ದಿನ ಬಂದು ನೋಡು, ಅಲ್ಲೀವರೆಗೆ ಕಂಬ ನೋಡು ಅನ್ನುತ್ತಿದ್ದರು. ಅಂಕಿ ಕಣ್ಣಿಗೆ ಬಿದ್ದರೆ ನಾನು ಓಡುವುದು ಬಿಟ್ಟು ಅದನ್ನೇ ಕೂಡಿ ಕಳೆದು ಕೂರುತ್ತೇನೆಂದು ಅವರಿಗೆ ಗೊತ್ತಿತ್ತು.

ಇಪ್ಪತ್ತೊಂದು ಬಂತು. ಇಪ್ಪತ್ಮೂರರಲ್ಲಿ ಒಂದು ವಾರ ಜಗ್ಗದೆ ಕೂತೆ. ಆಮೇಲೆ ಇದ್ದಕ್ಕಿದ್ದಂತೆ ಕಾಲಿಗೆ ದಾರಿ ಸಿಕ್ಕಿತು. ಇಪ್ಪತ್ನಾಲ್ಕು, ಇಪ್ಪತ್ತೈದು... ಆಯ್ಕೆಗೆ ನಾಲ್ಕು ದಿನವಿದ್ದಾಗ ಇಪ್ಪತ್ತಾರನೇ ಕಂಬವನ್ನು ಮುಟ್ಟಿ, ತಬ್ಬಿ ನಿಂತೆ. ಆಮೇಲೆ ಎಂಜಿನ್ನು ಬಂತು. ಕಂಬದ ಟಾರು ಕೆನ್ನೆಗೆ ಮೆತ್ತಿಕೊಂಡಿತ್ತು. ಆ ಒಂದು ದಿನ ನಾನು ಯಾವುದಕ್ಕೂ ಚಿಂತೆ ಮಾಡಲಿಲ್ಲ ಎಂದು ನೆನಪು.

ಅದಾದ ಎರಡನೇ ದಿನ ಫೋಟೋ ತೆಗೆಸಲು ಸೈಕಲ್ಲಿನಲ್ಲಿ ಬೀರೂರಿಗೆ ಹೊರಟೆ. ಗೇಟಿಗೂ ಬೀರೂರಿಗೂ ನಡುವೆ ಹಳಿಯ ಪಕ್ಕ ಗಾಡಿ ನಿಧಾನ ಮಾಡಿಸುವ ಹಳದಿ ಬೋರ್ಡು ನೆಟ್ಟಿದ್ದರು. ಗ್ಯಾಂಗಿನವರು ಹಳೆಯ ಸ್ಲೀಪರ್ ಕಿತ್ತು ಹೊಸದು ಹಾಕುತ್ತಿದ್ದರು. ನನ್ನ ಕಣ್ಣೆದುರೇ ಒಂದು ಗಾಡಿ ಅಲ್ಲಿ ಎತ್ತಿನಗಾಡಿಯ ಹಾಗೆ ತೆವಳಿಕೊಂಡು ಹೋಯಿತು. ಎಷ್ಟು ದಿನದಿಂದ ಹೀಗೆ ಎಂದು ಒಬ್ಬನನ್ನು ಕೇಳಿದೆ. ಹನ್ನೆರಡು ದಿನ ಆಯಿತು ಎಂದ.

ಹನ್ನೆರಡು ದಿನ! ನಾನು ಇಪ್ಪತ್ಮೂರನ್ನು ದಾಟಿದ್ದು ಅದೇ ಹನ್ನೆರಡು ದಿನಗಳಲ್ಲಿ. ನಾನು ಜೋರಾಗಿಲ್ಲ, ಗಾಡಿ ನಿಧಾನವಾಗಿದೆ. ಫೋಟೋ ಮರೆತು ಸೈಕಲ್ ತಿರುಗಿಸಿದೆ.

ಮಾವ ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಬೋರ್ಡು ಹಾಕಿದ್ದು ಗೊತ್ತಿತ್ತಾ ಎಂದು ಕೇಳಿದೆ. ತಲೆ ಎತ್ತದೆ, ಗೊತ್ತಿಲ್ಲದೆ ಏನು, ಅವತ್ತೇ ಫೋನ್ ಬಂದಿತ್ತು ಎಂದರು.

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಓಡ್ತಿದ್ಯಾ, ಲೆಕ್ಕ ಹಾಕ್ತಾ ಕೂತ್ಕತಿದ್ಯಾ?"

ನಾನು ಅವರನ್ನು ಯಾವತ್ತೂ ಬಹುವಚನ ಬಿಟ್ಟು ಮಾತಾಡಿಸಿದವನಲ್ಲ. ಅವತ್ತು ಬಾಯಿಗೆ ಏಕವಚನವೇ ಬಂತು.

"ನನ್ ಬಾಳು ಹಾಳ್ ಮಾಡ್ಬಿಟ್ಟೆ ನೀನು. ನಿಂಗಿದು ಹೊತ್ತು ಕಳೆಯೋ ಆಟ."

ಎಣ್ಣೆಯ ಡಬ್ಬಿ ಕೆಳಗಿಟ್ಟರು. ಏನೋ ಹೇಳಲು ಹೊರಟು ತಡೆದುಕೊಂಡರು ಅನ್ನಿಸುತ್ತದೆ... ಅಥವಾ ಅದು ಆಮೇಲೆ ನಾನೇ ಸೇರಿಸಿಕೊಂಡದ್ದೋ. ಅಷ್ಟರಲ್ಲಿ ಒಳಗೆ ಫೋನು ಬಡಿಯಿತು.

"ನಿನ್ನ ಕಾಲು ಸುಳ್ಳು ಹೇಳಲ್ಲ ಕಣೋ. ಹೋಗಿ ಓಡು," ಎಂದು ಒಳಗೆ ಹೋದರು. ನಾನು ಕಾಯಲಿಲ್ಲ.

ಆಯ್ಕೆಯ ದಿನ ಚಿಕ್ಕಮಗಳೂರಿನ ಮೈದಾನದಲ್ಲಿ ಸೀಟಿ ಊದಿದಾಗ ನನ್ನ ತಲೆಯಲ್ಲಿ ಇದ್ದದ್ದು ಬೈಗುಳ ಮಾತ್ರ. ಬೆನ್ನ ಹಿಂದೆ ನೆಲ ಅದುರುತ್ತಿರುವಂತೆ ಓಡಿದೆ. ಸುತ್ತು ಎಣಿಸುವುದನ್ನೂ ಬಿಟ್ಟೆ. ಮುಗಿಯಿತು ಎಂದು ಯಾರೋ ತಡೆದು ನಿಲ್ಲಿಸಿದರು. ವಾಚು ಹಿಡಿದ ಅಧಿಕಾರಿ, ಇನ್ನೂ ಅರ್ಧ ನಿಮಿಷ ಉಳಿದಿದೆ ಎಂದು ಬರೆದುಕೊಂಡರು. ಅವರ ವಾಚು ಕೆಟ್ಟಿರಬೇಕು ಎಂದು ನನಗೆ ಅನುಮಾನ. ಮತ್ತೆ ಓಡಿಸುತ್ತಾರೇನೋ ಎಂದು ಊಟದ ಹೊತ್ತಿನವರೆಗೆ ಅವರ ಕಣ್ಣು ತಪ್ಪಿಸಿ ಓಡಾಡಿದೆ.

ಗೇಟಿಗೆ ಹೋಗಲಿಲ್ಲ. ಇವತ್ತು ನಾಚಿಕೆ, ನಾಳೆ ನಾಚಿಕೆ. ಅಷ್ಟರಲ್ಲಿ ತರಬೇತಿಗೆ ಕರೆ ಬಂತು. ಒಂಬತ್ತು ತಿಂಗಳ ಮೇಲೆ, ಯೂನಿಫಾರ್ಮಿನಲ್ಲೇ, ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ ಹಿಡಿದು ಹೋದೆ. ಗೇಟಿನಲ್ಲಿ ಬೇರೆಯವನಿದ್ದ. ಹಳಬರಿಗೆ ದೂರದ ಸೆಕ್ಷನ್ನಿಗೆ ಬದಲಿ ಆಯಿತು ಎಂದ. ಪೊಲೀಸಿನವನು ಬಂದನೆಂದು ಅವನಿಗೆ ಗಾಬರಿ. ನಾನು ಬಾಗಿಲು ನೋಡಬೇಕು ಎಂದಾಗ ಗಾಬರಿ ಇನ್ನೂ ಹೆಚ್ಚಾಯಿತು.

ಬಾಗಿಲು ಎಳೆದೆ. ಇದ್ದಿಲಿನ ಅಂಕಿಗಳು ಮಾಸಿದ್ದರೂ ಇದ್ದವು. ಕಂಬ, ದಂಡ, ಬಸ್ಕಿ. ಕಡೆಯ ಹನ್ನೆರಡು ಸಾಲುಗಳಲ್ಲಿ ಮಾತ್ರ ಮುಂದೆ ಇನ್ನಷ್ಟು ಬರೆದಿತ್ತು. ವಕ್ರವಕ್ರವಾಗಿ, ಒತ್ತಿ ಬರೆದದ್ದು.

ಗಾಡಿ ತಡ ಎರಡೂವರೆ. ಬಾವುಟ ತಡ ಮೂರು.

ಪ್ರತಿ ಸಾಲಿನಲ್ಲೂ ಅದೇ. ಗಾಡಿ ಎಷ್ಟು ತಡವಾಗುತ್ತದೋ, ಫೋನು ಬಂದ ಮೇಲೂ ಅಷ್ಟು ಹೊತ್ತು ಅವರು ಗಡಿಯಾರ ನೋಡುತ್ತ ಬಾವುಟವನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಸಾಲದ್ದಕ್ಕೆ ಇನ್ನೂ ಅರ್ಧ ನಿಮಿಷ. ನಾನು ಮೊದಲ ಕಂಬದ ಹತ್ತಿರ ನಿಂತು, ಫೋನು ಇನ್ನೂ ಬಂದಿಲ್ಲವಲ್ಲ ಎಂದು ಉಗುರು ಕಚ್ಚುತ್ತಿದ್ದ ಹೊತ್ತು ಅದು.

ಆಮೇಲೆ ಹುಡುಕಬಹುದಿತ್ತು. ಕಾಣೆಯಾದವರನ್ನು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವನು ನಾನು. ಸಿಕ್ಕಿಬಿಟ್ಟರೆ ಮೊದಲ ಮಾತು ಏನು ಆಡುವುದು ಎಂಬ ಚಿಂತೆಯಲ್ಲೇ ವರ್ಷಗಳು ಹೋದವು. ತರೀಕೆರೆ ಠಾಣೆಯಲ್ಲಿದ್ದಾಗ ಅಜ್ಜಂಪುರ ಕಡೆಯ ಒಬ್ಬ ಹಳೆಯ ಗ್ಯಾಂಗ್‌ಮ್ಯಾನ್ ಸಿಕ್ಕಿದ್ದ. ಮಾತಿನ ನಡುವೆ ಮಾವನ ವಿಷಯ ಕೇಳಿದೆ. ಅವರು ತೀರಿಹೋಗಿ ಬಹಳ ಕಾಲ ಆಯಿತಲ್ಲ ಸಾರ್ ಎಂದ. ನನಗೆ ಗೊತ್ತಿರಬೇಕು ಎನ್ನುವ ಹಾಗೆ ಹೇಳಿದ.

ಮೊನ್ನೆ ಚಾರ್ಟಿನಲ್ಲಿ ಆ ದಿನದ ಚೌಕವನ್ನು ಖಾಲಿಯೇ ಬಿಟ್ಟು ಬಂದೆ. ಈಗ ನನ್ನ ಕೈಯಲ್ಲಿ ಸೆಕೆಂಡಿನ ಮುಳ್ಳು ಓಡುವ ವಾಚು ಇದೆ. ಆದರೂ ಬೆಳಿಗ್ಗೆ ನಡೆಯಲು ಹೊರಟಾಗ ರಸ್ತೆಯ ಮೊದಲ ಲೈಟು ಕಂಬದ ಹತ್ತಿರ ಒಂದಷ್ಟು ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಮೂರು ನಿಮಿಷ ಇರಬಹುದು. ಯಾಕೆ ಹೀಗೆ ನಿಂತಿದ್ದೀರಿ ಎಂದು ಹೆಂಡತಿ ಗೇಟಿನಿಂದ ಕೇಳುತ್ತಾಳೆ.

ಮೊಣಕಾಲು ಎನ್ನುತ್ತೇನೆ.