ತಿರುಗಿ ಬೈಯದ ಊರು

ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ದಿನವೇ ನಾನು ಒಬ್ಬ ಜೀಪಿನವನಿಗೆ ಬೈದೆ. ನನ್ನ ರೊಟ್ಟಿಯ ಗಂಟನ್ನು ಅವನು ಒದ್ದೆ ನೆಲದ ಮೇಲೆ ಇಟ್ಟಿದ್ದ. "ಕೈಗೆ ಲಕ್ವಾ ಹೊಡದೈತೇನೋ ನಿನಗ?" ಎಂದೆ. ನಮ್ಮ ರೋಣದ ಕಡೆಯಾಗಿದ್ದರೆ ಅವನು, "ನಿನ್ನ ನಾಲಗೀಗೆ ಹೊಡೀಲಿಲ್ಲಲ್ಲ ಬೇ ಮುದುಕಿ" ಎನ್ನಬೇಕಿತ್ತು. ಇಬ್ಬರೂ ನಗುತ್ತಿದ್ದೆವು, ಅಲ್ಲಿಗೆ ಪರಿಚಯವಾಗಿಬಿಡುತ್ತಿತ್ತು. ಇವನು ಏನೂ ಅನ್ನಲಿಲ್ಲ. ಗಂಟು ಎತ್ತಿ, ಒರೆಸಿ, ಸೀಟಿನ ಮೇಲಿಟ್ಟು, "ಕೂತ್ಕಳಿ ಅಜ್ಜಿ" ಎಂದು ಗಾಡಿ ಬಿಟ್ಟ. ಎಸ್ಟೇಟು ಬರುವವರೆಗೂ ಒಂದು ಮಾತಿಲ್ಲ. ನನಗೆ ಹೆದರಿಕೆಯಾಯಿತು. ಬೈದರೆ ತಿರುಗಿ ಬೈಯದ ಜನರನ್ನು ನಾನು ಅರವತ್ತೇಳು ವರ್ಷದಲ್ಲಿ ನೋಡಿರಲಿಲ್ಲ.

ಊರಿನ ನನ್ನ ಜನರೇ, ನಾನು ಕಲಿತದ್ದು ಮೂರನೇ ಇಯತ್ತೆ. ಒಂದು ಪುಟ ಬರೆಯಲು ಎರಡು ದಿನ ಬೇಕು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಒಂದು ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಹಾಲಿನ ಹಾಗೆ ಉಕ್ಕುತ್ತಿದೆ. ಆದರೆ ಆ ಸಂತೋಷ ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನು ಮೊದಲು ಹೇಳುತ್ತೇನೆ. ನಾನು ಉಂಡ ಸಂಕಟವನ್ನು ನೀವೂ ಸ್ವಲ್ಪ ಉಣ್ಣಿರಿ.

ತಾಯಿಯಿಲ್ಲದ ನನ್ನ ಮೊಮ್ಮಗಳು ನೀಲಾ ನಿಮಗೆಲ್ಲ ಗೊತ್ತು. ಪಿಯುಸಿ ಮುಗಿಸಿ ಈ ಕಾಫಿ ಎಸ್ಟೇಟಿಗೆ ಕೆಲಸಕ್ಕೆ ಬಂದಳು. ಹರೆಯದ ಹುಡುಗಿ ಒಬ್ಬಳೇ ಎಂದು ನಾನೂ ಬೆನ್ನು ಹತ್ತಿದೆ. ನಮಗೆ ಕೊಟ್ಟಿದ್ದು ಲೈನಿನಲ್ಲಿ ಒಂದು ಮನೆ. ಲೈನೆಂದರೆ ಕೂಲಿಯವರಿಗಾಗಿ ಸಾಲಾಗಿ ಕಟ್ಟಿದ ಮನೆಗಳು. ಒಂದು ಗೋಡೆ ಎರಡು ಸಂಸಾರಕ್ಕೆ. ನಮ್ಮಲ್ಲಿ ಬಾಗಿಲಲ್ಲಿ ನಿಂತರೆ ಮೂರು ಊರು ಆಚೆಯ ಗುಡಿಯ ಶಿಖರ ಕಾಣುತ್ತದೆ. ಇಲ್ಲಿ ಬಾಗಿಲಲ್ಲಿ ನಿಂತರೆ ಎದುರಿನ ಮರ ಕಾಣುತ್ತದೆ, ಅದರ ಹಿಂದೆ ಇನ್ನೊಂದು ಮರ. ನಮ್ಮಲ್ಲಿ ಕಡುಬೆಂದರೆ ಹೂರಣದ್ದು. ಇಲ್ಲಿ ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ ಅದನ್ನು ಕಡುಬು ಅನ್ನುತ್ತಾರೆ. ಮೊದಲ ದಿನ ಸಿಹಿ ಎಂದುಕೊಂಡು ಕಚ್ಚಿ ಮುಖ ಕಿವುಚಿದೆ. ನಾನು ಊರಲ್ಲಿ ಬಸವ್ವ, ಇಲ್ಲಿ ಬಸಮ್ಮ. ಎಲ್ಲದಕ್ಕೂ ಹೊಂದಿಕೊಂಡೆ. ಮೌನಕ್ಕೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ. ದಿನಕ್ಕೆ ಒಂದು ಬೈಗುಳವಾದರೂ ಕಿವಿಗೆ ಬೀಳದಿದ್ದರೆ ನನಗೆ ನಾನು ಬದುಕಿದ್ದೇನೋ ಇಲ್ಲವೋ ಅನ್ನಿಸುತ್ತಿತ್ತು.

ಎಸ್ಟೇಟಿನಲ್ಲಿ ರೈಟರ್ ಎಂದು ಒಬ್ಬರಿರುತ್ತಾರೆ. ಬೆಳಿಗ್ಗೆ ಹೆಸರು ಕರೆದು ಹಾಜರಿ ಬರೆಯುವವರು, ಯಾರಿಗೆ ಯಾವ ತೋಟದಲ್ಲಿ ಕೆಲಸ ಎಂದು ಹಂಚುವವರು, ಸಂಜೆ ಕೊಯ್ದ ಹಣ್ಣಿನ ತೂಕ ಬರೆಯುವವರು ಅವರೇ. ನಮ್ಮ ಎಸ್ಟೇಟಿನ ರೈಟರಿಗೆ ವಯಸ್ಸಾಗಿತ್ತು. ಮೊದಲ ವರ್ಷ ನೀಲಾ ಹಣ್ಣು ಕೊಯ್ಯುವ ಹೆಂಗಸರ ಜೊತೆಗೇ ಹೋದಳು. ಬೆರಳ ತುದಿಗಳು ಒಡೆದು ರಕ್ತ ಬರುತ್ತಿತ್ತು. ಅದೇ ಬೆರಳಿಗೆ ಬಟ್ಟೆ ಸುತ್ತಿಕೊಂಡು ಸಂಜೆ ರೈಟರ ಹಳೆಯ ಪುಸ್ತಕಗಳನ್ನು ಬೇಡಿ ತಂದು ಸಾಲು ಸಾಲಾಗಿ ನಕಲು ಮಾಡುತ್ತಿದ್ದಳು. ತೋಟದ ನಕ್ಷೆಯನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದುಕೊಂಡಳು. ಅಕ್ಷರ ಸೊಟ್ಟಗಾದರೆ ಹಾಳೆ ಹರಿದು ಮತ್ತೆ ಬರೆಯುತ್ತಿದ್ದಳು. ಎರಡನೇ ವರ್ಷ ಕೊಯ್ಲಿನ ಹೊತ್ತಿಗೆ ಎಸ್ಟೇಟಿನ ಒಡೆಯ ಸಾಹುಕಾರ್ರು, "ಈ ಕೊಯ್ಲು ನೀನು ಬರಿ ನೋಡನ. ಸರಿಯಾಗಿ ನಡೆದ್ರೆ ನೀನೇ ರೈಟರ್" ಎಂದರು. ಹೆಣ್ಣು ರೈಟರ್ ಈ ಎಸ್ಟೇಟಿನಲ್ಲಿ ಅದುವರೆಗೆ ಆಗಿರಲಿಲ್ಲ.

ಆ ದಿನ ನಾನೊಂದು ಬುದ್ಧಿ ಹೇಳಿದೆ. "ನೀಲಾ, ಮೆತ್ತಗಿದ್ರ ಮಂದಿ ತಲೀ ಮ್ಯಾಲ ಕೂಡತಾರ. ಮಾತು ಖಡಕ್ ಇರಲಿ." ಹಾಗೆ ಹೇಳಿದ ನಾಲಗೆ ಇದೇ.

ಕೊಯ್ಲು ಶುರುವಾದ ಎರಡನೇ ವಾರ. ಸಂಜೆ ಕಣದಲ್ಲಿ ತೂಕ ನಡೆದಿತ್ತು, ನೋಡಲೆಂದು ನಾನೂ ಹೋಗಿ ನಿಂತಿದ್ದೆ. ಕೆಂಪಗೆ ಹಣ್ಣಾದದ್ದನ್ನು ಮಾತ್ರ ಕೊಯ್ಯಬೇಕು, ಹಸಿರು ಕಾಯಿ ಬೆರೆತರೆ ಕಾಫಿ ಕೆಡುತ್ತದೆ. ನಮ್ಮ ಪಕ್ಕದ ಮನೆಯ ಪುಟ್ಟಕ್ಕ ತನ್ನ ಚೀಲ ತಂದಿಟ್ಟಳು. ಅರವತ್ತರ ಆಸುಪಾಸಿನ ಹೆಂಗಸು, ಲೈನಿನ ಹೆಂಗಸರಿಗೆಲ್ಲ ಹಿರಿಯಳು. ನೀಲಾ ಚೀಲದಲ್ಲಿ ಕೈ ಹಾಕಿದಳು, ಕಾಯಿ ಬಂತು. ಮತ್ತೆ ಹಾಕಿದಳು, ಮತ್ತೆ ಕಾಯಿ. ಇಡೀ ಚೀಲವನ್ನು ನೆಲಕ್ಕೆ ಸುರಿದು, "ಕಣ್ಣು ಮನ್ಯಾಗ ಇಟ್ಟು ಬಂದೀಯೇನಬೇ?" ಎಂದಳು.

ಹಾಗಂದು ನಗುತ್ತ ಉತ್ತರಕ್ಕೆ ಕಾದಳು. ನಾನೂ ಕಾದೆ. ಒಂದು ಬೈಗುಳ ಬರಲಿ, ಎರಡು ನಗು ಬರಲಿ, ಕೆಲಸ ಮುಂದೆ ಸಾಗಲಿ ಎಂದು.

ಪುಟ್ಟಕ್ಕ, "ಆಯ್ತು" ಎಂದಳು. ಕೂತು, ನೆಲದ ಮೇಲಿನ ಹಣ್ಣನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು. ಉಳಿದ ಹೆಂಗಸರು ಕೂತು ಅವಳಿಗೆ ಕೈಜೋಡಿಸಿದರು. ಯಾರೂ ನೀಲಾಳ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗಂಟೆ ಹೊಡೆಯಿತು. ನೀಲಾ ಪುಸ್ತಕ ತೆರೆದು ಹೆಸರು ಕರೆದಳು. ಗಂಡಸರು ನಾಲ್ವರಿದ್ದರು. ಹೆಂಗಸರು ಒಬ್ಬರೂ ಇಲ್ಲ. ಹೆಂಗಸರು ನಿಲ್ಲುವ ಖಾಲಿ ಜಾಗಕ್ಕೆ ಅವಳು ಅವರ ಇಪ್ಪತ್ತಾರು ಹೆಸರನ್ನೂ ಕೊನೆಯತನಕ ಕರೆದಳು.

ಎರಡನೇ ದಿನವೂ ಅಷ್ಟೇ. ಜಗಳವಿಲ್ಲ, ಕೂಗಾಟವಿಲ್ಲ. ನಲ್ಲಿಯ ಹತ್ತಿರ ಸಿಕ್ಕರೆ ನನಗೆ ಕೊಡ ಇಡಲು ಜಾಗ ಬಿಡುತ್ತಿದ್ದರು, ಮಾತು ಮಾತ್ರ ಇಲ್ಲ. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರತೊಡಗಿತು. ಸಾಹುಕಾರ್ರು ಬಂದು ಏರುದನಿ ಮಾಡದೆ ಹೇಳಿದರು. "ನಾಳೆ ಒಂದಿನ ನೋಡ್ತೀನಿ ಮಗಾ. ಹೆಂಗಸ್ರು ಬರ್ಲಿಲ್ಲ ಅಂದ್ರೆ ಹಳೇ ರೈಟರ್‌ನೇ ಕರೀಬೇಕಾಗುತ್ತೆ. ಎಂತ ಮಾಡದು."

ನಾನು ಸೆರಗು ಬಿಗಿದುಕೊಂಡು ಪುಟ್ಟಕ್ಕನ ಮನೆಗೆ ನುಗ್ಗಿದೆ. ಸುಳ್ಳೇಕೆ, ಜಗಳಕ್ಕೇ ಹೋಗಿದ್ದೆ. "ಒಂದು ಮಾತಿಗೆ ಹುಡುಗೀ ಅನ್ನಾ ಕಸೀತೀರೇನು?" ಎಂದೆ.

"ಬನ್ನಿ ಬಸಮ್ಮ, ಕೂತ್ಕಳಿ. ಕಾಫಿ ಕುಡೀರಿ" ಎಂದಳು.

ಪಾತ್ರೆಯಿಂದ ಲೋಟಕ್ಕೆ ಬಗ್ಗಿಸುವಾಗ ಅವಳು ತೋರುಬೆರಳನ್ನು ಲೋಟದ ಅಂಚಿನೊಳಗೆ ಇಳಿಬಿಟ್ಟಿದ್ದಳು. ಕಾಫಿ ಬೆರಳಿಗೆ ತಾಗಿದಾಗ ನಿಲ್ಲಿಸಿದಳು. ನಾನು ಆ ಬೆರಳನ್ನು ನೋಡಿದೆ, ಅವಳ ಕಣ್ಣನ್ನು ನೋಡಿದೆ. ಕಣ್ಣಗೊಂಬೆಯ ಮೇಲೆ ಹಾಲಿನ ಕೆನೆಯಂತೆ ಪೊರೆ.

"ಕಾಣಂಗಿಲ್ಲೇನು ನಿಮಗ?"

"ಮೆಲ್ಲಗೆ ಮಾರಾಯ್ತಿ, ಗೋಡೆಗೆ ಕಿವಿ ಇದೆ" ಎಂದಳು. "ಬೆರಳಲ್ಲಿ ಅಮುಕಿ ನೋಡಿ ಕೊಯ್ತೀನಿ. ಹಣ್ಣು ಮೆತ್ತಗಿರುತ್ತೆ, ಕಾಯಿ ಗಟ್ಟಿ. ಮಧ್ಯಾಹ್ನದ ಮೇಲೆ ಬೆರಳು ಜೋಮು ಹಿಡಿದ್ರೆ ಗೊತ್ತಾಗಲ್ಲ. ಕೊಯ್ಲು ಮುಗಿದ ಮೇಲೆ ಚಿಕ್ಕಮಗಳೂರಿಗೆ ಹೋಗಿ ಆಪರೇಷನ್ ಮಾಡಿಸ್ಕಳನ ಅಂತಿದ್ದೆ. ಅಲ್ಲಿವರೆಗೆ ಯಾರಿಗೂ ಹೇಳ್ಬೇಡಿ. ಪಾಪ ಅಂತ ನೋಡೋದು ನಂಗೆ ಬೇಡ."

ಆಯಿತು ಎಂದೆ. ಏಳುವಾಗ ಇನ್ನೊಂದು ಮಾತು ಬಾಯಿಗೆ ಬಂತು. "ಆ ಮಾತು ಹುಡುಗೀದಲ್ಲ. ನಂದು. ಸಣ್ಣಾಕಿದ್ದಾಗಿಂದ ನನ್ನ ಬಾಯಾಗಿಂದ ಕೇಳಿ ಕಲತಾಳ." ಪುಟ್ಟಕ್ಕ ಲೋಟಕ್ಕೆ ಇನ್ನಷ್ಟು ಬಗ್ಗಿಸಿದಳು. ಕಾಫಿ ಇನ್ನೂ ಬಿಸಿಯಾಗಿತ್ತು.

ಮನೆಗೆ ಬಂದು ನೀಲಾಗೆ ಹೇಳಿಬಿಟ್ಟೆ. ಮಾತು ಕೊಟ್ಟು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಅವಳು ಗೋಡೆಗೆ ಒರಗಿ ಕೂತಳು, ಎಷ್ಟೋ ಹೊತ್ತು ಅತ್ತಳು. ಆಮೇಲೆ, "ಆಯಿ, ತಪ್ಪಾಯ್ತು ಅನ್ನೋದು ಇವರ ಹಂಗ ಹೆಂಗ ಹೇಳೋದು?" ಎಂದಳು. ಹೇಳಿ ನೋಡು ಎಂದೆ. ಹೇಳಿದಳು. ನಮ್ಮ ಗಂಟಲೇ ಹಾಗೆ, ತಪ್ಪಾಯ್ತು ಅಂದರೂ ಕದನಕ್ಕೆ ಕರೆದ ಹಾಗೆ ಕೇಳಿಸುತ್ತದೆ. ಹಾಜರಿ ಬರೆಯುವುದನ್ನು ಕಲಿತ ಹಾಗೆಯೇ ಅದನ್ನೂ ಅವಳು ಹತ್ತು ಸಲ, ಇಪ್ಪತ್ತು ಸಲ ಹೇಳಿ ಹೇಳಿ ಮೆತ್ತಗೆ ಮಾಡಿಕೊಂಡಳು.

ಮೂರನೇ ದಿನ ಬೆಳಿಗ್ಗೆ ಗಂಟೆ ಹೊಡೆಯಿತು. ಹೆಂಗಸರು ಯಾರೂ ಬರಲಿಲ್ಲ. ನೀಲಾ ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಲೈನಿನ ನಲ್ಲಿಯ ಹತ್ತಿರ ಬಂದು ನಿಂತಳು. ಹೆಂಗಸರೆಲ್ಲ ಅಲ್ಲಿದ್ದರು. ಪುಟ್ಟಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ನನಗೆ ಒಂದೇ ಭಯ. ಹುಡುಗಿ ಅವಸರದಲ್ಲಿ, "ನಿಮಗ ಕಣ್ಣು ಕಾಣಂಗಿಲ್ಲ ಅಂತ ನನಗ ಗೊತ್ತಿರಲಿಲ್ಲ" ಎಂದುಬಿಟ್ಟರೆ? ತನ್ನನ್ನು ಉಳಿಸಿಕೊಳ್ಳಲು ಅವಳಿಗಿದ್ದ ಸುಲಭದ ಮಾತು ಅದೊಂದೇ. ಅದನ್ನು ಅಂದರೆ ಪುಟ್ಟಕ್ಕನ ಮಾನ ಎರಡನೇ ಸಲ ಹೋಗುತ್ತದೆ. ನಾನು ಕೊಡವನ್ನು ಗಟ್ಟಿಯಾಗಿ ಹಿಡಿದು ನಿಂತೆ.

"ಪುಟ್ಟಕ್ಕ," ಎಂದಳು ನೀಲಾ. "ಎಲ್ಲರ ಎದುರಿಗೆ ಅಂದಿದ್ದೆ, ಎಲ್ಲರ ಎದುರಿಗೇ ಹೇಳ್ತೀನಿ. ನನ್ನದು ತಪ್ಪಾಯ್ತು. ಚೀಲ ಸುರಿದದ್ದೂ ತಪ್ಪು, ಅಂದದ್ದೂ ತಪ್ಪು." ಮುಂದಿನದು ನಾವು ರೂಢಿ ಮಾಡಿದ ಮಾತಲ್ಲ. "ಇವತ್ತಿಂದ ತೂಕಕ್ಕೆ ಮುಂಚೆ ಟಾರ್ಪಲ್ ಹಾಸ್ತೀನಿ. ಕೂತು ಎಲ್ಲರೂ ಆರಿಸೋಣ, ನಾನೂ ಕೂರ್ತೀನಿ. ಇನ್ನೊಂದು... ಕಣದಲ್ಲಿ ಒಣಗ್ತಿರೋ ಪಾರ್ಚ್‌ಮೆಂಟ್ ಕೈಯಾಡಿಸೋಕೆ ಹದ ತಿಳಿದವರು ಬೇಕಾಗಿದ್ದಾರೆ. ನನಗೆ ಬರಲ್ಲ. ನೀವು ಬರ್ತೀರಾ?"

ಪಾರ್ಚ್‌ಮೆಂಟ್ ಅಂದರೆ ಸಿಪ್ಪೆ ತೆಗೆದು ತೊಳೆದು ಒಣಹಾಕಿದ ಕಾಫಿಬೀಜ. ಅದರ ಹದ ತಿಳಿಯುವುದು ಕೈಯಿಂದ. ಕಣ್ಣಿನ ಮಾತು ಅವಳು ಎತ್ತಲೇ ಇಲ್ಲ.

ನಲ್ಲಿಯ ನೀರು ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ನಿಲ್ಲಿಸುವುದು ಯಾರಿಗೂ ನೆನಪಿಲ್ಲ. ಪುಟ್ಟಕ್ಕ ಮೊದಲು ತಿರುಗಿದ್ದು ನನ್ನ ಕಡೆಗೆ. ಮಾತು ತಪ್ಪಿದ ನಾನು ತಲೆ ತಗ್ಗಿಸಿದೆ. ಅವಳು ಮೆಟ್ಟಿಲ ಮೇಲಿಂದ ನಿಧಾನವಾಗಿ ಎದ್ದಳು. "ಹೆಸ್ರು ಕರಿ ಮಗಾ, ಹೊತ್ತಾಯ್ತು" ಎಂದಳು.

ನೀಲಾ ಅಲ್ಲೇ ಪುಸ್ತಕ ತೆರೆದಳು. ಇಪ್ಪತ್ತಾರು ಹೆಸರು, ಇಪ್ಪತ್ತಾರು ಉತ್ತರ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಕೊಯ್ಲು ಮುಗಿಯಿತು. ನನ್ನ ಮೊಮ್ಮಗಳು ಈಗ ರೈಟರ್! ಊರಲ್ಲಿ ಎಲ್ಲರಿಗೂ ಹೇಳಿರಿ, ಗುಡಿಕಟ್ಟೆಯ ಮೇಲೆ ಕೂತವರಿಗೆ ಎರಡು ಸಲ ಹೇಳಿರಿ. ಸಾಹುಕಾರ್ರು ಅವಳನ್ನು "ರೈಟರಮ್ಮ" ಎಂದು ಕರೆದದ್ದು ಕೇಳಿ ನಾನು ಆ ದಿನ ಉಣ್ಣಲೇ ಇಲ್ಲ, ಹಸಿವೇ ಆಗಲಿಲ್ಲ. ಪುಟ್ಟಕ್ಕನಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಬಂದವಳು ನನ್ನನ್ನು ನೋಡಿ, "ಅಯ್ಯೋ ಬಸಮ್ಮ, ನಿಮ್ಮ ಮುಖದಲ್ಲಿ ಇಷ್ಟು ಸುಕ್ಕಿದೆ ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ತಿ!" ಎಂದಳು. ನಕ್ಕು ನಕ್ಕು ನನಗೆ ಕೆಮ್ಮು ಬಂತು.

ಮೊನ್ನೆ ಈ ಸುದ್ದಿ ಹೇಳಲು ಊರಿಗೆ, ನನ್ನ ತಂಗಿ ಶಿವವ್ವನಿಗೆ ಫೋನ್ ಮಾಡಿದೆ. ನಾನು ಎರಡು ಮಾತಾಡುವಷ್ಟರಲ್ಲಿ ಅವಳು ಗಾಬರಿಯಾದಳು. "ಯಾಕಬೇ ಇಷ್ಟ ಮೆಲ್ಲಕ ಮಾತಾಡಾಕತ್ತೀ? ಮೈಯಾಗ ಆರಾಮ ಇಲ್ಲೇನು? ಖರೇ ಹೇಳು!" ಆರಾಮ ಇದ್ದೇನೆ ಎಂದರೆ ನಂಬಲಿಲ್ಲ, ಅಳಲು ಶುರುಮಾಡಿದಳು. ಅಷ್ಟರಲ್ಲಿ ಪಕ್ಕದ ಮನೆಯಿಂದ ಪುಟ್ಟಕ್ಕ ಕೈ ಒರೆಸಿಕೊಳ್ಳುತ್ತ ಓಡಿ ಬಂದು ಬಾಗಿಲಲ್ಲಿ ನಿಂತಳು. "ಎಂತ ಆಯ್ತು ಬಸಮ್ಮ? ಯಾರ ಹತ್ರ ಜಗಳ ಇಷ್ಟು ಜೋರಾಗಿ?"

ಕಿವಿಯಲ್ಲಿ ಒಬ್ಬಳು, ಬಾಗಿಲಲ್ಲಿ ಒಬ್ಬಳು. ಯಾವ ದನಿಯಲ್ಲಿ ಹೇಳಿದರೆ ಇಬ್ಬರಿಗೂ ಸಮಾಧಾನವಾದೀತು ಎಂದು ತಿಳಿಯದೆ ನಾನು ಫೋನ್ ಹಿಡಿದು ನಡುಮನೆಯಲ್ಲಿ ನಿಂತಿದ್ದೆ.